ಯಾವ ಫೈಲು ಕಳಿಸಲಿ?

ಪುಣೆಯ ಕನ್ನಡಿಗರ ಮನೆಯಲ್ಲಿ ಮದುವೆ ಗೊತ್ತಾದರೆ ಲಗ್ನಪತ್ರಿಕೆಗೆ ಎರಡು ಭಾಷೆ ಬೇಕು. ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದಕ್ಕೆ ಕನ್ನಡ, ಮೇಲೆ ಗಣಪತಿ. ಅಪ್ಪಾ ಬಳವಂತ ಚೌಕದ ಆಸುಪಾಸಿನ ಯಾವುದೇ ಡಿಟಿಪಿ ಅಂಗಡಿಯಲ್ಲಿ ಅದು ಚೆಂದವಾಗಿ ತಯಾರಾಗುತ್ತದೆ. ತೊಡಕು ಶುರುವಾಗುವುದು ಪ್ರೂಫ್ ನೋಡಲಿ ಎಂದು ಧಾರವಾಡದ ಸೋದರಮಾವನಿಗೆ ಕಳಿಸಿದಾಗ. ವರ್ಡ್ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗಣಪತಿ ಮುಂದಿನ ಪುಟಕ್ಕೆ ಜಾರಿರುತ್ತಾನೆ. “ಏನ್ ಕಳಿಸೀಯೋ? ಒಂದಕ್ಷರಾನೂ ಓದಲಿಕ್ಕೆ ಬರವಲ್ದು” ಎಂದು ಮಾವನ ಫೋನು.

ಇದರ ಬೇರು ಪುಣೆಯಲ್ಲೇ ಇದೆ. ನಮ್ಮ ಎಷ್ಟೋ ಮುದ್ರಣಾಲಯಗಳು ವರ್ಷಗಟ್ಟಲೆ ನೆಚ್ಚಿಕೊಂಡ ಶ್ರೀಲಿಪಿ ತಂತ್ರಾಂಶ ಈ ಊರಿನ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯದು. ಅದಿಲ್ಲದಿದ್ದರೆ ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಾಗುವುದೇ ಕಷ್ಟವಿತ್ತು. ಆದರೆ ಆ ಕಾಲದ ಫಾಂಟುಗಳಲ್ಲಿ, ಕಂಪ್ಯೂಟರು ಅಕ್ಷರದ ಗುರುತಿಗೆ ಇಟ್ಟುಕೊಳ್ಳುವ ಒಂದೇ ಅಂಕಿ ಒಂದು ಫಾಂಟಿನಲ್ಲಿ ಮರಾಠಿ ಅಕ್ಷರ, ಇನ್ನೊಂದರಲ್ಲಿ ಕನ್ನಡ ಅಕ್ಷರದ ತುಣುಕು. ಫಾಂಟು ಇಲ್ಲದ ಕಂಪ್ಯೂಟರಿಗೆ ಎರಡೂ ಅಲ್ಲ. ಅಚ್ಚಿಗೆ ಹೋಗುವ ಪುಟಕ್ಕೆ ಅಷ್ಟು ಸಾಕಿತ್ತು, ಊರಿಂದೂರಿಗೆ ಹೋಗುವ ಫೈಲಿಗೆ ಸಾಲದು.

ಇದಕ್ಕೆ ಮದ್ದಿನ ಕಥೆಯಲ್ಲೂ ಪುಣೆಯಿದೆ. 1988ರಲ್ಲಿ ಇಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆ ಎಂದರೆ ಜನಕ್ಕೆ ಪರಮ್ ಸೂಪರ್ ಕಂಪ್ಯೂಟರ್ ನೆನಪಾಗುತ್ತದೆ. ನನಗೆ ಅದಕ್ಕಿಂತ ದೊಡ್ಡದು ಅಲ್ಲಿನ ಜಿಸ್ಟ್ ತಂಡ ಭಾರತೀಯ ಲಿಪಿಗಳಿಗೆ ಮಾಡಿದ ಕೆಲಸ. ಅಕ್ಷರಗಳಿಗೆ ಅಂಕಿ ಗೊತ್ತುಮಾಡುವ 1991ರ ಇಸ್ಕಿ ಮಾನಕ ನಮ್ಮ ಬಹುತೇಕ ಲಿಪಿಗಳಿಗೆ ಒಂದೇ ವರ್ಣಕ್ರಮ ಹಾಕಿಕೊಟ್ಟಿತು. ಇಸ್ಕಿಯ ಕ್ರಮವನ್ನೇ ಅನುಸರಿಸಿದ ಯೂನಿಕೋಡ್ ಪ್ರತಿ ಲಿಪಿಗೂ ಬೇರೆ ಜಾಗ ಕೊಟ್ಟಿತು: ಮರಾಠಿಯ ಕಕಾರ 2325, ಕನ್ನಡದ್ದು 3221. ಇನ್ನು ಗೊಂದಲಕ್ಕೆ ಎಡೆಯಿಲ್ಲ. ಆದ್ದರಿಂದ ಫೈಲಿನ ಜಾತಿ ಆರಿಸುವ ಮೊದಲು ಅಕ್ಷರಗಳು ಯೂನಿಕೋಡಿನಲ್ಲಿವೆಯೇ ನೋಡಬೇಕು.

ಆಮೇಲಿನದು ಸುಲಭ. ಮಾವ ತಿದ್ದಬೇಕೆ? ಡಾಕ್ಸ್ ಅಥವಾ ಓಡಿಟಿ ಕಳಿಸಿ. ಬರೀ ಓದಬೇಕೆ, ಅಚ್ಚಿಗೆ ಹೋಗಬೇಕೆ? ಪಿಡಿಎಫ್. 1993ರಲ್ಲಿ ಅಡೋಬಿ ತಂದ ಇದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಸಾಮಾನ್ಯವಾಗಿ ಫಾಂಟನ್ನೂ ಚಿತ್ರವನ್ನೂ ಒಡಲಲ್ಲೇ ಇಟ್ಟುಕೊಂಡು ಹೋಗುವುದರಿಂದ ಗಣಪತಿ ಕದಲುವುದಿಲ್ಲ. ಹಲವು ವರ್ಷ ಕಾಪಿಡಬೇಕಾದ ಸ್ಮರಣ ಸಂಚಿಕೆಗಳಿಗೆ ಪಿಡಿಎಫ್/ಎ ಎಂಬ ಬಗೆಯಿದೆ; ಅದರಲ್ಲಿ ಫಾಂಟು ಸೇರಿಸುವುದು ಕಡ್ಡಾಯ. ಒಂದು ಎಚ್ಚರ: ಹಳೆಯ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಅಪ್ಪಟ ಕನ್ನಡವಾಗಿ ಕಂಡರೂ ಅದರಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ.

ನನ್ನ ತಕರಾರು ಇರುವುದು ಇಡೀ ಪುಟವನ್ನೇ ಜೆಪೆಗ್ ಚಿತ್ರ ಮಾಡಿ ವಾಟ್ಸ್ಆ್ಯಪ್‌ಗೆ ಹಾಕುವ ರೂಢಿಯ ಬಗ್ಗೆ. ಜೆಪೆಗ್ ಫೋಟೋಗಳಿಗೆ ಹುಟ್ಟಿದ್ದು. ಚಿತ್ರವನ್ನು ಉದ್ದಗಲಕ್ಕೆ ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆದು ಕಣ್ಣಿಗೆ ಬೀಳದ ಸೂಕ್ಷ್ಮವನ್ನು ಕೈಬಿಡುತ್ತದೆ. ಮುಖದ ಮೇಲೆ ಅದು ಗೊತ್ತಾಗದು. ಆದರೆ ಒತ್ತಕ್ಷರಗಳ ಅಂಚಿನಲ್ಲಿ ಮಸಿ ಹರಡಿದಂತೆ ಕಾಣುತ್ತದೆ. ವಾಟ್ಸ್ಆ್ಯಪ್ ಅದನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. ಚಿತ್ರವೇ ಆಗಬೇಕೆಂದರೆ ಅಕ್ಷರವಿರುವುದಕ್ಕೆ ಪಿಎನ್‌ಜಿ ಇರಲಿ, ಏನನ್ನೂ ಕೈಬಿಡದು. ಕಳಿಸುವಾಗ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ.

ಮಸುಕು ಹೇಗೋ ಸಹಿಸಬಹುದು. ಕಣ್ಣು ಕಾಣದ ಬಂಧುವೊಬ್ಬರು ಫೋನಿನ ಧ್ವನಿ ಕೇಳಿ ಓದುವವರಾದರೆ, ಆ ಚಿತ್ರದಲ್ಲಿ ಮುಹೂರ್ತ ಎಷ್ಟಕ್ಕೆ, ಕಲ್ಯಾಣ ಮಂಟಪ ಎಲ್ಲಿ ಎಂಬುದನ್ನು ಆ ಫೋನು ಹೇಳೀತೆಂಬ ಭರವಸೆಯಿಲ್ಲ. ಕರೆಯೋಲೆ ತಲುಪಿತು, ಕರೆ ತಲುಪಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಪತ್ರಿಕೆಯ ಪಿಡಿಎಫ್ ಜೊತೆಗೆ ದಿನ, ವೇಳೆ, ಸ್ಥಳಗಳನ್ನು ಕನ್ನಡದಲ್ಲೇ ಟೈಪು ಮಾಡಿ ಎರಡು ಸಾಲು ಕಳಿಸಿ. ನಿಮ್ಮ ಕನ್ನಡ ಸಂಘದ ಕಪಾಟಿನಲ್ಲೋ ಹಳೆಯ ಸಿಡಿಗಳಲ್ಲೋ ನುಡಿ, ಬರಹ, ಶ್ರೀಲಿಪಿ ಫಾಂಟುಗಳ ಫೈಲುಗಳಿದ್ದರೆ, ಅವನ್ನು ತೆರೆಯಬಲ್ಲ ಕಂಪ್ಯೂಟರು ಇನ್ನೂ ಇರುವಾಗಲೇ ಯೂನಿಕೋಡಿಗೆ ಬದಲಿಸಿಡಿ. ಅದಕ್ಕೆ ಬೇಕಾದ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.