ಬಚ್ಚಲೊಲೆಯ ಮುಂದಿನ ಭೀಮ

ನಮ್ಮ ಭೀಮನಿಗೆ ಈಗ ಎಂಟು ವರ್ಷ. ಲ್ಯಾಬ್ರಡಾರ್ ಜಾತಿ. ಮಗ ಬೆಂಗಳೂರಿನಿಂದ ಸಿರಿಮನೆಗೆ ತಂದಾಗ ಕೈಚೀಲದಲ್ಲಿ ಹಿಡಿಸುವಷ್ಟಿದ್ದ. ಬೆಳೆದ ಮೇಲೆ ತೋಟಕ್ಕೆ ಮಂಗ ಬಂದರೆ ಸಾಕು, ಧರೆ ಹಾರಿ ಓಡುತ್ತಿದ್ದ.

ಎರಡು ವರ್ಷದ ಹಿಂದೆ ಆ ಓಟ ನಿಂತಿತು. ಮಂಗಗಳು ಬಾಳೆಗೊನೆ ಕಿತ್ತರೂ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಿದ್ದ. ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಮಲಗುವುದು ನಮ್ಮ ಕಡೆಯ ನಾಯಿಗಳಿಗೆ ಹೊಸದಲ್ಲ. ಕಿಗ್ಗದ ಸುತ್ತಿನ ಮಳೆ ಕಂಡವರಿಗೆ ಇದು ಗೊತ್ತು. ಇವನು ಏಪ್ರಿಲ್ ಸೆಕೆಯಲ್ಲೂ ಅಲ್ಲೇ! ಮೈ ದಪ್ಪವಾಯಿತು. ಬಾಲದ ಕೂದಲು ಉದುರಿ ಇಲಿಬಾಲದ ಹಾಗಾಯಿತು.

ನಾನು ಸೋಮಾರಿ ಎಂದು ಬೈದೆ. ಅಷ್ಟೇ ಅಲ್ಲ, ಅನ್ನವನ್ನು ಅರ್ಧ ಮಾಡಿದೆ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಜಮಾ-ಖರ್ಚು ಬರೆದವನ ಬುದ್ಧಿ ನೋಡಿ. ಎರಡು ತಿಂಗಳು ಅವನು ಅರೆಹೊಟ್ಟೆಯಲ್ಲಿದ್ದ. ತೂಕ ಮಾತ್ರ ಇಳಿಯಲಿಲ್ಲ. ಒಂದು ದಿನವೂ ತಟ್ಟೆ ಮುಂದೆ ನಿಂತು ಗಲಾಟೆ ಮಾಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ರಜೆಗೆ ಬಂದ ಮೊಮ್ಮಗಳು ಅವನ ಪಕ್ಕ ಕೂತು ಹೇಳಿದಳು: "ಅಜ್ಜಯ್ಯಾ, ಇವನು ಸೋಮಾರಿ ಅಲ್ಲ. ಇವನಿಗೆ ಚಳಿ ಆಗ್ತಿದೆ ನೋಡಿ."

ಒಳಗಿನಿಂದ ನನ್ನಾಕೆಯ ದನಿ: "ಥೈರಾಯ್ಡ್ ಶುರುವಾದಾಗ ನನಗೂ ಹೀಗೇ ಇತ್ತು. ಆಗಲೂ ನೀವು ಸೋಮಾರಿತನ ಅಂದಿದ್ರಿ."

ನಾನು ಮಾತಾಡಲಿಲ್ಲ. ಜೀಪು ಹೇಳಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಟೆವು.

ರಕ್ತ ಪರೀಕ್ಷೆಯಲ್ಲಿ ಟಿ-4 ಕಡಿಮೆ, ಟಿಎಸ್‌ಎಚ್ ಹೆಚ್ಚು. ಕುತ್ತಿಗೆಯಲ್ಲಿ ಶ್ವಾಸನಾಳದ ಎರಡು ಪಕ್ಕ ಇರುವ ಈ ಗ್ರಂಥಿಯ ರಸವೇ ಮೈಯೊಳಗಿನ ಒಲೆಯನ್ನು ಉರಿಸುವುದು, ಮಕ್ಕಳೇ. ಉರಿ ತಗ್ಗಿದರೆ ತಿಂದದ್ದು ಕೊಬ್ಬಾಗುತ್ತದೆ, ಮೈ ತಣ್ಣಗಾಗುತ್ತದೆ, ಉದುರಿದ ಕೂದಲು ಮತ್ತೆ ಹುಟ್ಟುವುದಿಲ್ಲ. ನಾನು ಚಿಕ್ಕಂದಿನಲ್ಲಿ ಗಳಗಂಡದವರನ್ನು ಕಂಡವನು. ಅಯೋಡಿನ್ ಕೊರತೆಯೇ ಎಂದು ಕೇಳಿದೆ. ನಾಯಿಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಗ್ರಂಥಿಯನ್ನು ಹಾಳುಮಾಡುತ್ತದೆ, ಇಲ್ಲವೇ ಗ್ರಂಥಿ ತಾನಾಗಿ ಸೊರಗುತ್ತದೆ. ಮಾತ್ರೆ ಕೊನೆತನಕ ಬೇಕು.

ಚೀಟಿ ನೋಡಿ ಗಾಬರಿಯಾಯಿತು. ನನ್ನಾಕೆಗೆ ದಿನಕ್ಕೆ 75 ಮೈಕ್ರೋಗ್ರಾಂ. 35 ಕಿಲೋ ತೂಗುವ ಭೀಮನಿಗೆ ಬೆಳಿಗ್ಗೆ 700, ಸಂಜೆ 700! ಸೊನ್ನೆ ಒಂದು ಹೆಚ್ಚಾಗಿದೆ ಎಂದೇ ತಿಳಿದೆ. ಡಾಕ್ಟರು ನಕ್ಕರು. ನಾಯಿಯ ಹೊಟ್ಟೆ ಈ ಮದ್ದನ್ನು ಹೀರುವುದು ಕಡಿಮೆ. ಜೊತೆಗೆ ಮನುಷ್ಯರ ಮೈಯಲ್ಲಿ ದಿನಗಟ್ಟಲೆ ಉಳಿಯುವುದು ನಾಯಿಯಲ್ಲಿ ಬೇಗ ಕರಗಿಹೋಗುತ್ತದೆ. (ಹಾಗೆಂದು ಅಜ್ಜಿಯ ಡಬ್ಬಿಯಿಂದ ತೆಗೆದು ಕೊಡಬೇಡಿ. ಲೆಕ್ಕ ಡಾಕ್ಟರದೇ ಆಗಬೇಕು.) 100 ಮೈಕ್ರೋಗ್ರಾಮಿನ ನೂರು ಮಾತ್ರೆಯ ಬಾಟಲಿ ಏಳು ದಿನಕ್ಕೆ ಮುಗಿದು ಎರಡು ಉಳಿಯುತ್ತವೆ. ಪೆನ್ಷನ್ನಿನಲ್ಲಿ ಇದಕ್ಕೊಂದು ಕಾಲಂ ಎಳೆದಿದ್ದೇನೆ.

ಮೂರನೇ ವಾರ ಒಂದು ಬೆಳಿಗ್ಗೆ ಬಚ್ಚಲೊಲೆ ಮುಂದೆ ಭೀಮ ಇರಲಿಲ್ಲ. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ತೋಟದ ಕೆಳಗಿನಿಂದ ಬೊಗಳು ಕೇಳಿತು. ಬಾಲದ ಕೂದಲು ತುಂಬಲು ಮಾತ್ರ ಐದು ತಿಂಗಳು ಹಿಡಿಯಿತು.

ಈಗ ಬೆಳಿಗ್ಗೆ ಆರಕ್ಕೆ ಇಬ್ಬರಿಗೂ ಮಾತ್ರೆ. ಮಾತ್ರೆ ನುಂಗಿ ಒಂದು ಗಂಟೆ ಏನೂ ತಿನ್ನುವಂತಿಲ್ಲವಾದ್ದರಿಂದ ನನ್ನಾಕೆಯೂ ಭೀಮನೂ ಜಗಲಿಯಲ್ಲಿ ಗಡಿಯಾರ ಕಾಯುತ್ತಾರೆ. ನಾನೂ ಕಾಫಿ ಕುಡಿಯದೆ ಜೊತೆಗೆ ಕೂರುತ್ತೇನೆ.

ಮೊನ್ನೆ ಮಂಗ ಬಂದಾಗ ಭೀಮ ಧರೆ ಹಾರಲಿಲ್ಲ, ಸುತ್ತು ಬಳಸಿ ಹೋದ. ವಯಸ್ಸಾಯಿತಲ್ಲ. ನಾನೂ ಅವನ ಹಿಂದೆ ಸುತ್ತು ಬಳಸಿಯೇ ಹೋದೆ.