ಕೊಂಡಿ ಕೂಡುವ ಬಗೆ

ಈ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು: ಮೂರು ದಿನ ಬರಿಯ ನೀರು ಕುಡಿದು ಉಪವಾಸವಿದ್ದರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ರೋಗ ಗುಣವಾಗುವುದು, ಇದಕ್ಕೆ ನೊಬೆಲ್ ಪ್ರಶಸ್ತಿಯೂ ಬಂದಿದೆ ಎಂದು. ಕಳೆದ ತಪಸ್ಸುಕಾಲದಲ್ಲಿ ಬಾದಾಮಿಯ ಬಂಧುವೊಬ್ಬರು ಇದನ್ನು ಇಳಕಲ್ಲಿನ ನನ್ನ ಚಿಗವ್ವನಿಗೆ ಕಳುಹಿಸಿದರು. ನಲವತ್ತು ವರ್ಷ ಸೀರೆ ನೇಯ್ದ ಅವರ ಬಲಗೈ ಈಗ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುತ್ತದೆ. ಅವರು ಅನ್ನ ಬಿಟ್ಟರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಡಲಿಲ್ಲ. ಎರಡನೆಯ ದಿನ ಕುಸಿದು ಬಿದ್ದರು.

ಬಾಗಲಕೋಟೆಯಿಂದ ಹುನಗುಂದದ ಮೇಲೆ ಬಸ್ಸಿನಲ್ಲಿ ಧಾವಿಸಿದೆ. ವಿಜ್ಞಾನ ಕಲಿಸುವವನಾಗಿಯೂ, ಅದೇ ಸಂದೇಶವನ್ನು ವಾರದ ಹಿಂದೆಯೇ ಓದಿ ಸುಮ್ಮನಿದ್ದೆನಲ್ಲ ಎಂಬ ನೋವು ದಾರಿಯುದ್ದಕ್ಕೂ ಕೊರೆಯಿತು.

ಸಂದೇಶ ಪೂರ್ತಿ ಸುಳ್ಳಾಗಿರಲಿಲ್ಲ, ಅಪಾಯವಿದ್ದುದು ಅಲ್ಲಿಯೇ. ಹಸಿದ ಕೋಶವು ತನ್ನ ಹಳೆಯ ಭಾಗಗಳನ್ನು ಪೊರೆಯ ಚೀಲದಲ್ಲಿ ಕಟ್ಟಿ ಕರಗಿಸುತ್ತದೆ. ಆಟೊಫೇಜಿ ಎಂಬ ಈ ಕ್ರಿಯೆಯನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿದ ಜಪಾನಿನ ಯೊಶಿನೊರಿ ಒಸುಮಿಯವರಿಗೆ 2016ರಲ್ಲಿ ನೊಬೆಲ್ ದೊರೆಯಿತು. ಆದರೆ ಹಸಿವು ಕೆಲಸಕ್ಕೆ ಕರೆಯಷ್ಟೇ ಕೊಡುತ್ತದೆ. ಕೆಲಸ ನಡೆಯುವುದು ಪ್ರೋಟೀನುಗಳ ಆಕಾರದಿಂದ.

ಇದನ್ನು ಚಿಗವ್ವನ ಮಂಚದ ಬಳಿ ಕುಳಿತು ಅವರ ಮಗ್ಗದ ಮಾತಿನಲ್ಲಿಯೇ ಹೇಳಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೋಶದಲ್ಲಿ ಎಲ್‌ಸಿ3 ಎಂಬ ಪುಟ್ಟ ಪ್ರೋಟೀನಿದೆ. ಅದರ ತುದಿಯನ್ನು ಎಟಿಜಿ4 ಎಂಬುದು ಕತ್ತರಿಸಿದಾಗ ಬಯಲಾಗುವ ಗ್ಲೈಸಿನ್, ಚೀಲದ ಪೊರೆಯಲ್ಲಿನ ಕೊಬ್ಬಿನ ಅಣುವಿಗೆ ಬೆಸೆಯುತ್ತದೆ. ಎಲ್‌ಸಿ3ಯ ಮೈಮೇಲೆ ಎರಡು ಕುಳಿಗಳಿವೆ. ಪಿ62 ಎಂಬ ಮತ್ತೊಂದು ಪ್ರೋಟೀನು ಒಂದು ಭಾಗದಿಂದ ಯುಬಿಕ್ವಿಟಿನ್ ಗುರುತು ಹೊತ್ತ ಕಸವನ್ನು ಹಿಡಿದು, ಇನ್ನೊಂದು ಭಾಗದ ಟ್ರಿಪ್ಟೊಫ್ಯಾನ್ ಮತ್ತು ಲ್ಯೂಸಿನ್‌ಗಳನ್ನು ಆ ಕುಳಿಗಳಲ್ಲಿ ಊರುತ್ತದೆ. ಆ ಒಂದು ಟ್ರಿಪ್ಟೊಫ್ಯಾನ್ ಬದಲಾದರೂ ಹಿಡಿತ ಜಾರುತ್ತದೆ. ಎಷ್ಟು ಹಸಿದರೇನು?

ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು ನರಕೋಶದಲ್ಲಿ ಮುದ್ದೆಗಟ್ಟುತ್ತದೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರವಿ ಮಂಜಿತ್ತಾಯ ಅವರ ತಂಡವು, 6-ಬಯೋ ಎಂಬ ಅಣು ಯೀಸ್ಟ್‌ನಲ್ಲಿ ಆ ಮುದ್ದೆಯನ್ನು ಆಟೊಫೇಜಿಯ ಮೂಲಕ ತೆರವುಗೊಳಿಸುವುದನ್ನೂ ಇಲಿಗಳಲ್ಲಿ ನರಕೋಶಗಳನ್ನು ಕಾಯುವುದನ್ನೂ 2017ರಲ್ಲಿ ಪ್ರಕಟಿಸಿತು. ಆಶಾದಾಯಕವೇ ಸರಿ. ಆದರೆ ಅದು ಯೀಸ್ಟ್, ಅದು ಇಲಿ. ಉಪವಾಸದಿಂದ ಮನುಷ್ಯರ ಪಾರ್ಕಿನ್ಸನ್ ಗುಣವಾಗುವುದೆಂದು ಯಾರೂ ತೋರಿಸಿಲ್ಲ. ಧರ್ಮಸಭೆಯೂ 59 ತುಂಬಿದವರಿಗೆ ಉಪವಾಸವನ್ನು ಕಡ್ಡಾಯ ಮಾಡಿಲ್ಲ, ಚಿಗವ್ವನಿಗೆ 71.

ಎಲ್ಲವನ್ನೂ ಕೇಳಿ ಅವರು, “ಕೊಂಡಿ ಹಾಕೂದು ಕೈಗೆ ಗೊತ್ತಿತ್ತು ತಮ್ಮಾ, ಮೈಯೊಳಗ ಹಾಕೂದನ್ನ ಯಾರು ಕಲಿಸ್ಯಾರು?” ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಸೊಸೆ ಗಂಜಿ ತಂದಳು. ಚಮಚ ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿ, ನಡುಗುವ ಕೈಯಿಂದಲೇ ಉಂಡರು. ಆ ರಾತ್ರಿಯೇ ಬಾದಾಮಿಗೆ ಫೋನ್ ಮಾಡಿದೆ.