ಬಿಲ್ಲಿಗೆ ತಕ್ಕ ಬಾಣ

ಚಿತ್ರದುರ್ಗದ ಸೀಮೆಯವರಿಗೆ ಬಿಲ್ಲುಬಾಣಗಳ ಮಾತು ಹೊಸದಲ್ಲ. ಏಳು ಸುತ್ತಿನ ಕೋಟೆಯನ್ನಾಳಿದ ನಾಯಕರು ಬೇಡ ಕುಲದವರು. 1779ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದಮೇಲೆ ಅವರ ಆಳಿಕೆಯು ಮುಗಿಯಿತಾದರೂ ಬಿಲ್ಲಿನ ನೆನಪು ಜನರ ಮಾತಿನಲ್ಲಿ ಇಂದಿಗೂ ಉಳಿದಿರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಬಳಿಕ ಬೇಟೆಯ ಕಾಲವು ಸಂದುಹೋಯಿತು. ಗುರಿಯಿಟ್ಟು ಹೊಡೆಯುವ ಆಟವೊಂದು ಉಳಿಯಿತು. ಈ ಆಟಕ್ಕೆ ಕೈಯಿಡುವ ಮಕ್ಕಳು ಮನೆಯಲ್ಲಿದ್ದರೆ, ಬಾಣವನ್ನು ಆರಿಸುವ ಕ್ರಮವನ್ನು ಹಿರಿಯರೂ ತಿಳಿದಿರುವುದು ಲೇಸು.

ಹೊಸದುರ್ಗದಲ್ಲಿರುವ ನಮ್ಮ ತಂಗಿಯ ಮಗನಿಗೆ ಹದಿನಾರು ವರ್ಷ. ತಂದೆಯನ್ನು ಕಳೆದುಕೊಂಡ ಮೇಲೆ ಅವನು ಮಾತನ್ನೇ ಕಡಿಮೆ ಮಾಡಿದ್ದನು. ಬಂಧುವೊಬ್ಬರು ಹಳೆಯ ಮಾದರಿಯ ಮರದ ಬಿಲ್ಲೊಂದನ್ನು ಕೊಟ್ಟಂದಿನಿಂದ ಅವನ ಮುಖದಲ್ಲಿ ಕಳೆ ಬಂದಿತು. ತಾನು ಕೂಡಿಟ್ಟ ಹಣದಿಂದ ಅಲ್ಯೂಮಿನಿಯಂ ಬಾಣಗಳನ್ನು ಕೊಂಡು, ತೆಂಗಿನ ತೋಟದಲ್ಲಿ ಹುಲ್ಲಿನ ಹೊರೆಯನ್ನು ನಿಲ್ಲಿಸಿ, ಬೆಳಗೂ ಬೈಗೂ ಅಭ್ಯಾಸಮಾಡುತ್ತಿದ್ದನು. ಎರಡು ತಿಂಗಳು ಕಳೆದ ಮೇಲೆ ತಂಗಿಯು ನಮ್ಮಲ್ಲಿಗೆ ಬಂದು, “ಅಣ್ಣಯ್ಯ, ಅವನು ಬಿಲ್ಲನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದಾನೆ. ತನ್ನ ಕೈಯೇ ಸರಿಯಿಲ್ಲ ಅನ್ನುತ್ತಾನೆ. ಮತ್ತೆ ಮೊದಲಿನಂತೆ ಮೂಲೆ ಸೇರಿದ್ದಾನೆ” ಎಂದು ಕಣ್ಣೊರಸಿಕೊಂಡಳು.

ನಾವು ಹೋಗಿ ಅವನಿಂದ ಆರು ಬಾಣಗಳನ್ನು ಬಿಡಿಸಿ ನೋಡಿದೆವು. ಆರೂ ಗುರಿಯ ಎಡಕ್ಕೆ ಹೋದುವು. ಆದರೆ ಆರೂ ಒಂದರ ಬಳಿಯಲ್ಲೊಂದು ನಾಟಿಕೊಂಡುವು. ಪ್ರತಿಸಲವೂ ಒಂದೇ ಎಡೆಗೆ ತಪ್ಪುವ ಕೈಯು ಕೆಟ್ಟ ಕೈಯಲ್ಲ. ಬಾಣವನ್ನು ತಿರುಗಿಸಿ ನೋಡಲಾಗಿ ಅದರ ಮೇಲೆ 2117 ಎಂಬ ಅಂಕಿಯಿತ್ತು. “ಇದೇ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಹೆಚ್ಚು ಎಂದು ಅಂಗಡಿಯವರು ಹೇಳಿದರು, ಮಾವ” ಎಂದನು ಹುಡುಗ.

ಗಟ್ಟಿಯಾದುದೆಲ್ಲ ಒಳ್ಳೆಯದೆಂಬ ಭಾವನೆಯು ಇಲ್ಲಿ ಸಲ್ಲದು. ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣವು ಹಿಡಿಯ ಪಕ್ಕದಲ್ಲಿ ಕುಳಿತಿರುವುದು. ಹೆದೆಯಾದರೋ ಬಿಲ್ಲಿನ ನಡುವಿಗೆ ನೇರವಾಗಿ ಮರಳುವುದು. ಆದಕಾರಣ ಬಾಣವು ಹಿಡಿಯನ್ನು ಬಳಸಿಕೊಂಡು, ನೀರಿನಲ್ಲಿ ಮೀನು ಬಳುಕುವಂತೆ ಬಳುಕಿಯೇ ಮುಂದೆ ಸಾಗಬೇಕು. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿಯು ಅತಿವೇಗದ ಛಾಯಾಚಿತ್ರಗಳಿಂದ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದನು. ಬಾಣವು ಬಳುಕದಷ್ಟು ಗಡಸಾದರೆ, ಬಲಗೈಯಿಂದ ಹೆದೆ ಸೆಳೆಯುವವನಿಗೆ ಅದು ಎಡಕ್ಕೆ ಹೋಗುವುದು. ಮಿತಿಮೀರಿ ಮೆದುವಾದರೆ ಬಲಕ್ಕೆ. ಎಡಗೈಯವರಿಗೆ ಇದು ತಿರುವುಮುರುವು.

ಈ ಗಡಸುತನದ ಅಳತೆಗೆ ‘ಸ್ಪೈನ್’ ಎಂದು ಹೆಸರು. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣದ ಕಡ್ಡಿಯನ್ನಿಟ್ಟು, ನಡುವೆ 880 ಗ್ರಾಂ ತೂಕವನ್ನು ತೂಗಬಿಟ್ಟರೆ ಅದು ಎಷ್ಟು ತಗ್ಗುವುದೋ ಅದೇ ಅದರ ಸ್ಪೈನು. ಹೆಚ್ಚು ತಗ್ಗಿದುದು ಹೆಚ್ಚು ಮೆದು. ಹೊಳಲ್ಕೆರೆಯಲ್ಲಿ ಮರಗೆಲಸವನ್ನು ಬಲ್ಲ ನಮ್ಮ ನೆಂಟರೊಬ್ಬರು ಹಲಗೆಗೆ ಎರಡು ಮೊಳೆಗಳನ್ನು ಹೊಡೆದು, ಅಳತೆಪಟ್ಟಿಯನ್ನು ಅಂಟಿಸಿ, ಇಂತಹುದೊಂದು ಸಾಧನವನ್ನು ಮಾಡಿಕೊಟ್ಟರು. ಹುಡುಗನ ಬಾಣವು ಅದರ ಮೇಲೆ ಹತ್ತು ಮಿಲಿಮೀಟರು ಮಾತ್ರ ತಗ್ಗಿತು.

ಅಲ್ಯೂಮಿನಿಯಂ ಬಾಣವನ್ನು 1939ರಲ್ಲಿ ಅಮೆರಿಕದ ಡಗ್ ಈಸ್ಟನ್ ತಯಾರಿಸಿದನು. ಅದರ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು, ಕೊಳವೆಯ ದಪ್ಪವು ಅಂಗುಲದ 64 ಭಾಗಗಳಲ್ಲಿ ಎಷ್ಟೆಂಬುದನ್ನೂ, ಕೊನೆಯ ಎರಡು, ಅದರ ಗೋಡೆಯು ಅಂಗುಲದ ಸಾವಿರ ಭಾಗಗಳಲ್ಲಿ ಎಷ್ಟೆಂಬುದನ್ನೂ ಹೇಳುವುವು. 1816 ಎಂದರೆ 18 ಭಾಗ ದಪ್ಪ, 16 ಭಾಗ ಗೋಡೆ; ಅದು ಸುಮಾರು 19 ಮಿಲಿಮೀಟರು ತಗ್ಗುವುದು. 1916 ಸುಮಾರು 16 ಮಿಲಿಮೀಟರು, 2016 ಸುಮಾರು ಹದಿಮೂರೂವರೆ. ನಮ್ಮ ಧನುರ್ವೇದದ ಗ್ರಂಥಗಳು ಮುಂದೆ ದಪ್ಪ, ಹಿಂದೆ ದಪ್ಪ, ಉದ್ದಕ್ಕೂ ಸಮ ಎಂದು ಬಾಣಗಳನ್ನು ಮೂರು ಬಗೆಯಾಗಿ ವಿಂಗಡಿಸಿ, ಗುರಿಯ ಅಭ್ಯಾಸಕ್ಕೆ ಸಮವಾದುದೇ ಉತ್ತಮವೆಂದಿವೆ. ಈ ಲೋಹದ ಕೊಳವೆಯು ಆ ಸಮತೆಯನ್ನು ಸುಲಭವಾಗಿ ಒದಗಿಸುವುದು.

ಇನ್ನು ಬಿಲ್ಲಿನ ಬಲವನ್ನು ನೋಡಬೇಕು. ಬಿಲ್ಲಿನ ಮೇಲೆ 40 ರಾತಲು ಎಂದು ಬರೆದಿದ್ದಿತು. ಆದರೆ ಅದು 28 ಅಂಗುಲ ಸೆಳೆದಾಗಿನ ಲೆಕ್ಕ. ಹುಡುಗನ ಸೆಳೆತವು 26 ಅಂಗುಲ ಮಾತ್ರ. ಒಂದಂಗುಲಕ್ಕೆ ಎರಡು ಎರಡೂವರೆ ರಾತಲಿನಂತೆ ಕಳೆದರೆ ಅವನ ಬೆರಳಿಗೆ ಬೀಳುವುದು ಸುಮಾರು 35 ರಾತಲು. ಹಿರಿಯೂರಿನ ಮಿತ್ರರೊಬ್ಬರಲ್ಲಿ ಎರಡು ಮೂರು ಬಗೆಯ ಕೊಳವೆಗಳಿದ್ದುವು. ಅವುಗಳಲ್ಲಿ 1816ನ್ನು ತಂದೆವು.

ಪರೀಕ್ಷೆಯ ಕ್ರಮವು ಸರಳವಾದುದು. ಗಾಳಿಯೇಳುವ ಮುನ್ನ, ಬೆಳಗಿನ ಹೊತ್ತಿನಲ್ಲಿ, ಹದಿನೈದು ಹೆಜ್ಜೆ ದೂರದಿಂದ ಗರಿಯುಳ್ಳ ಮೂರು ಬಾಣಗಳನ್ನೂ ಗರಿಯಿಲ್ಲದ ಒಂದನ್ನೂ ಬಿಡಬೇಕು. ಗರಿಯು ಬಾಣದ ದೋಷವನ್ನು ತಿದ್ದಿ ಮುಚ್ಚುವುದು. ಬರಿಯ ಕಡ್ಡಿಯು ನಿಜವನ್ನು ಹೇಳುವುದು. ನಮ್ಮ ಬರಿಯ ಕಡ್ಡಿಯು ಗೇಣುದ್ದ ಬಲಕ್ಕೆ ಬಿದ್ದಿತು. ಎಂದರೆ ತುಸು ಮೆದು. ಕಡ್ಡಿಯನ್ನು ಕಿರಿದುಮಾಡಿದರೆ ಗಡಸಾಗುವುದು, ಮೊನೆಯನ್ನು ಭಾರಮಾಡಿದರೆ ಮೆದುವಾಗುವುದು. ಕತ್ತರಿಸಿದುದನ್ನು ಮರಳಿ ಕೂಡಿಸಲಾಗದಾದ ಕಾರಣ ಸಲಕ್ಕೆ ಕಾಲಂಗುಲದಂತೆ ಕತ್ತರಿಸುತ್ತ ಬಂದೆವು. 125 ಗ್ರೇನಿನ, ಅಂದರೆ ಸುಮಾರು 8 ಗ್ರಾಂ ತೂಕದ ಮೊನೆಯೊಡನೆ, 28 ಅಂಗುಲಕ್ಕೆ ಬಂದಾಗ ಬರಿಯ ಕಡ್ಡಿಯೂ ಉಳಿದವುಗಳ ನಡುವೆ ಬಂದು ನಾಟಿಕೊಂಡಿತು. ಹುಡುಗನು ಮಾತಾಡಲಿಲ್ಲ, ಓಡಿಹೋಗಿ ತಾಯಿಯನ್ನು ಕರೆತಂದು ತೋರಿಸಿದನು.

ವಾಚಕರಲ್ಲಿ ಎರಡು ಎಚ್ಚರಿಕೆಗಳನ್ನು ಬಿನ್ನವಿಸುವೆವು. ಬಾಣವು ಸೆಳೆತಕ್ಕಿಂತ ಒಂದಂಗುಲವಾದರೂ ಉದ್ದವಿರಬೇಕು. ಇಲ್ಲವಾದರೆ ಮೊನೆಯು ಹಿಂದೆ ಸರಿದು ಕೈಗೆ ಗಾಯವಾದೀತು. ಅಲ್ಯೂಮಿನಿಯಂ ಕಡ್ಡಿಯು ತುಸು ಬಾಗಿದ್ದರೆ ತಿದ್ದಬಹುದು. ನೆಗ್ಗಿದ್ದರೆ ಅಥವಾ ಬಿರಿದಿದ್ದರೆ ಅದನ್ನು ಹೆದೆಗೆ ಏರಿಸಲೇಬಾರದು. ಉಳಿದುದು ಹಿರಿಯರ ಪಾಲಿನ ಕೆಲಸ. ಮಗುವು ತನ್ನ ಕೈಯೇ ಸರಿಯಿಲ್ಲವೆಂದು ಕುಳಿತಾಗ, ಅದರ ಕೈಗೆ ನಾವು ಕೊಟ್ಟಿರುವುದು ಅದಕ್ಕೆ ತಕ್ಕುದೇ ಎಂಬುದನ್ನು ಮೊದಲು ಅಳೆದು ನೋಡಬೇಕು. ಒಂದು ಹಲಗೆ, ಎರಡು ಮೊಳೆ, ಒಂದು ಬೆಳಗಿನ ಹೊತ್ತು, ಇವಿಷ್ಟಿದ್ದರೆ ಸಾಕು.